ಅಲ್ಪವಿರಾಮದ ಅಧಿಕಪ್ರಸಂಗ

ಮೇಷ್ಟ್ರೊಬ್ಬರು ಎಕ್ಸೆಲ್‌ನಲ್ಲಿ ಕಿರುಪರೀಕ್ಷೆಗಳ ಪಟ್ಟಿ ಮಾಡಲು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಹುಡುಗನೊಬ್ಬ ಮೊದಲೆರಡರಲ್ಲಿ 80, 60 ತೆಗೆದಿದ್ದಾನೆ. ಮೂರನೆಯದರ ದಿನ ಜ್ವರ. 'ಹಾಜರಿದ್ದರೆ ಅಂಕ ಹಾಕು' ಎಂದು ಮೇಷ್ಟ್ರು ಇಫ್ ಸೂತ್ರ ಬರೆಯುತ್ತಾರೆ. ಗೈರಾಗಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಎಕ್ಸೆಲ್ ಸುಮ್ಮನಿರುತ್ತದೆಯೇ? ಹುಡುಗನ ಹೆಸರಿನ ಮುಂದೆ 'ಫಾಲ್ಸ್' ಎಂದು ಬರೆಯುತ್ತದೆ, ಜ್ವರವೇ ಸುಳ್ಳು ಎಂಬಂತೆ! ಪುಣ್ಯಕ್ಕೆ ಸರಾಸರಿ 70 ಎಂದೇ ಬರುತ್ತದೆ. ಸೆಲ್ಲುಗಳಲ್ಲಿ ಕೂತ ಸತ್ಯ-ಸುಳ್ಳುಗಳನ್ನು ಆವರೇಜ್ ಫಂಕ್ಷನ್ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ಅಪವಾದ ಅಳಿಸಲು ಮೇಷ್ಟ್ರು ಸೂತ್ರದ ಕೊನೆಗೊಂದು ಅಲ್ಪವಿರಾಮ ಇಡುತ್ತಾರೆ. ಫಾಲ್ಸ್ ಹೋಗಿ ಸೊನ್ನೆ ಬರುತ್ತದೆ. ಸರಾಸರಿ 46.67!

ಎಲೆಯನ್ನೇ ಹಾಕದಿರುವುದು ಬೇರೆ, ಎಲೆ ಹಾಕಿ ಬಡಿಸದೆ ಹೋಗುವುದು ಬೇರೆ ಎನ್ನುವ ಬೀಗರ ನ್ಯಾಯವಿದು. ಮೈಕ್ರೋಸಾಫ್ಟಿನದೊಂದೇ ಹಟ ಎನ್ನುವಂತೆಯೂ ಇಲ್ಲ. 2011ರಲ್ಲಿ ಓಯಾಸಿಸ್ ಸಂಸ್ಥೆ ಅಂಗೀಕರಿಸಿದ, ಸ್ಪ್ರೆಡ್‌ಶೀಟ್ ಸೂತ್ರಗಳ ಓಪನ್‌ಫಾರ್ಮುಲಾ ಮಾನದಂಡವೂ ಇದನ್ನೇ ಶಾಸ್ತ್ರೋಕ್ತವಾಗಿ ವಿಧಿಸಿದೆ: ಷರತ್ತು ಸುಳ್ಳಾದಾಗಿನ ಉತ್ತರಕ್ಕೆ ಮೀಸಲಾದ ಮೂರನೆಯ ಜಾಗವೇ ಇಲ್ಲದಿದ್ದರೆ ಫಾಲ್ಸ್, ಜಾಗವಿದ್ದು ಖಾಲಿಯಿದ್ದರೆ ಸೊನ್ನೆ. ಬರೀ ಷರತ್ತನ್ನಷ್ಟೇ ಕೊಟ್ಟರೂ ಅದು ನಿಜವೋ ಸುಳ್ಳೋ ಹೇಳಿಬಿಡಬೇಕಂತೆ. ಲಿಬ್ರೆ ಆಫೀಸ್ ಹಾಗೆಯೇ ಹೇಳುತ್ತದೆ. ಎಕ್ಸೆಲ್ ಮಾತ್ರ ಸಾಮಗ್ರಿ ಸಾಲದೆಂದು ಸೂತ್ರವನ್ನೇ ಹಿಂದಿರುಗಿಸುತ್ತದೆ.

ಖಾಲಿ ಬಿಟ್ಟದ್ದನ್ನು ಖಾಲಿಯೇ ಇಟ್ಟರೆ ಗಂಟೇನು ಹೋಗುತ್ತದೆ? ಗೂಗಲ್ ಶೀಟ್ಸ್ ಆ ಔದಾರ್ಯ ತೋರಿಸುತ್ತದೆ: ಕೊನೆಗೆ ಅಲ್ಪವಿರಾಮ ಇಟ್ಟು ಬಿಟ್ಟರೆ ಸೆಲ್ಲು ನಿಜವಾಗಿ ಬರಿದು. ಎಕ್ಸೆಲ್ಲಿನ ಸೂತ್ರಕ್ಕೆ ಬರಿಗೈಲಿ ಬರಲು ಬಾರದು. ಖಾಲಿ ಸೆಲ್ಲೊಂದನ್ನು ಬೊಟ್ಟುಮಾಡಿ 'ಅಲ್ಲಿರುವುದನ್ನು ತಾ' ಎಂದರೂ ಸೊನ್ನೆ ಹೊತ್ತು ತರುತ್ತದೆ. ಅದಕ್ಕೇ ಬಲ್ಲವರು ಎರಡು ಉದ್ಧರಣ ಚಿಹ್ನೆಗಳನ್ನು ಒತ್ತಿಟ್ಟು ಖಾಲಿಯ ವೇಷ ಹಾಕಿಸುತ್ತಾರೆ. ಕಣ್ಣಿಗೆ ಬರಿದು, ಒಳಗೆ ಅಕ್ಷರವಿಲ್ಲದ ಪಠ್ಯ. ಅದಕ್ಕೆ ಒಂದನ್ನು ಕೂಡಿಸಿ ನೋಡಿ, 'ವ್ಯಾಲ್ಯೂ' ದೋಷ ಹೆಡೆಯೆತ್ತುತ್ತದೆ.

ಇಷ್ಟೆಲ್ಲ ಕೇಳಿ ಅಲ್ಪವಿರಾಮವನ್ನು ಶಪಿಸುವವರು, ಪಟ್ಟಿಯಲ್ಲಿ ಹುಡುಕಿಕೊಡುವ ವಿ-ಲುಕಪ್ ಫಂಕ್ಷನ್ ಕಡೆ ನೋಡಬೇಕು. ಅದರ ನಾಲ್ಕನೆಯ ಅಂಶವನ್ನು ಬಿಟ್ಟೇಬಿಟ್ಟರೆ ಎಕ್ಸೆಲ್ ಹತ್ತಿರದ ಹೊಂದಾಣಿಕೆಗೆ ಒಪ್ಪುತ್ತದೆ. ಅಲ್ಪವಿರಾಮ ಇಟ್ಟು ಬಿಟ್ಟರೆ ತದ್ವತ್ ಹೊಂದಿಕೆಯನ್ನೇ ಹುಡುಕುತ್ತದೆ. ಕೊನೆಯಲ್ಲಿ ನೇತಾಡುವ ಆ ಚಿಹ್ನೆಯನ್ನು ಕಂಡು, ಯಾರದೋ ಬೆರಳು ಜಾರಿರಬೇಕೆಂದು ಅಚ್ಚುಕಟ್ಟಿನ ಗುಮಾಸ್ತರೊಬ್ಬರು ಅಳಿಸಿದರೆನ್ನಿ. ಅಂಗಡಿಯ ಪಟ್ಟಿ ಯಾವ ದೋಷವನ್ನೂ ತೋರಿಸದೆ, ಸಾಸಿವೆ ಕೇಳಿದವರಿಗೆ ಶುಂಠಿಯ ಬೆಲೆ ಹೇಳಲು ಶುರುಮಾಡಬಹುದು.