ಆಟಕ್ಕಿಂತ ಮೊದಲು ಏಳುವ ಕಾವಲುಗಾರ

ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ತಲೆ ಹಣ್ಣಾದವನಿಗೆ ಸಂಶಯ ಹೊಸದಲ್ಲ. ಎಪಿಎಂಸಿ ಪ್ರಾಂಗಣ ಮೆಣಸಿನಕಾಯಿಯಿಂದ ಕೆಂಪಾದ ದಿನ ಬಂದು ನೋಡಿ. ಅನುಭವಸ್ಥ ಖರೀದಿದಾರ ಚೀಲದ ಬಾಯಲ್ಲಿರುವ ಕಾಯಿಯತ್ತ ತಿರುಗಿಯೂ ನೋಡುವುದಿಲ್ಲ. ಅದು ತೋರಿಕೆಗೆ ಇಟ್ಟದ್ದೆಂದು ಅವನಿಗೆ ಗೊತ್ತು. ಮೊಳಕೈವರೆಗೆ ಕೈ ಇಳಿಸಿ ತಳದ ಕಾಯಿ ತೆಗೆದು, ಮುರಿದು, ಮೂಸುತ್ತಾನೆ. ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ? ನಮ್ಮ ಸುಕ್ಕಿನ ಕಾಯಿಯೊಳಗೆ ಗುಂಟೂರಿನ ನುಣುಪು ಕಾಯಿ ಸೇರಿದೆಯೋ? 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು, ನಿಜ. ಪೇಟೆ ಮಾತ್ರ ಇಂದಿಗೂ ಮೂಗನ್ನೇ ನಂಬುತ್ತದೆ. ಸಿಕ್ಕಿಬಿದ್ದವನು ಹಲ್ಲು ಕಿರಿಯುತ್ತಾನೆ, ದರ ಇಳಿಯುತ್ತದೆ, ಇಬ್ಬರೂ ಸೇರಿ ಚಹಾ ಕುಡಿಯುತ್ತಾರೆ.

ಇಂಥ ನಾನು, ರಾಣೇಬೆನ್ನೂರಿನ ಅಕ್ಕನ ಮಗ ಬೇಸಿಗೆ ರಜೆಗೆ ಹಾವೇರಿಯ ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಠಿಕಾಣಿ ಹೂಡಿದಾಗ ಸಂತೋಷವನ್ನೇ ಪಟ್ಟೆ. ಬಂದೂಕು ಹಿಡಿದು ಓಡಾಡುವ ಯಾವುದೋ ಆಟ; ಹೆಸರು ಬೇಡ.

“ಮಾಮಾ, ಒಂದ್ಸಲ ರೀಸ್ಟಾರ್ಟ್ ಮಾಡಬೇಕ್ರಿ. ಆಂಟಿ-ಚೀಟ್ ಕುಂದ್ರಾಕತ್ತೈತಿ.”

“ಅದೇನಲೇ?”

“ನಾವು ಮೋಸ ಮಾಡ್ತೀವೇನಂತ ನೋಡತೈತ್ರಿ.”

“ನಾ ಆಟಾನ ಆಡೂದಿಲ್ಲಲ್ಲೋ!”

“ಅದಕ್ಕ ಅದೆಲ್ಲ ಗೊತ್ತಾಗೂದಿಲ್ರಿ. ಎಲ್ಲಾರನೂ ನೋಡತೈತಿ. ನಿಮ್ದರಾಗ ಟಿಪಿಎಂ ಐತೇನ್ರಿ?”

“ನನಗ ಗೊತ್ತಿರೂದು ಎಪಿಎಂಸಿ ಒಂದ.”

ಸತ್ಯ ಹೇಳಬೇಕೆಂದರೆ ಆ ಕಂಪ್ಯೂಟರಿನಲ್ಲಿ ನಾನು ಆಡುವುದು ಇಸ್ಪೀಟಿನ ಸಾಲಿಟೇರ್ ಒಂದೇ. ಅಲ್ಲಿ ಎಲೆ ಕೂಡದಿದ್ದರೆ ಹಿಂದಕ್ಕೆ ಹೋಗುವ ಗುಂಡಿ ಒತ್ತಿ ನನಗೆ ನಾನೇ ಮೋಸ ಮಾಡಿಕೊಳ್ಳುತ್ತೇನೆ. ಕಾವಲುಗಾರ ಬಂದ ದಿನದಿಂದ ಆ ಗುಂಡಿ ಒತ್ತುವಾಗ ಬೆರಳು ಒಂದಿಷ್ಟು ಅನುಮಾನಿಸುತ್ತದೆ.

ಹುಡುಗ ಬಿಡಿಸಿ ಹೇಳಿದ. ಗೋಡೆಯ ಆಚೆಗಿನ ಎದುರಾಳಿಯನ್ನು ತೋರಿಸುವ, ತಾನೇ ಗುರಿ ಹಿಡಿದುಕೊಡುವ ಕಳ್ಳ ಸಾಫ್ಟ್‌ವೇರ್‌ಗಳಿವೆಯಂತೆ. ಅವು ಮೊದಲು ಆಟದ ಪಕ್ಕದಲ್ಲೇ ಅಡಗುತ್ತಿದ್ದವು; ಹಿಡಿಯತೊಡಗಿದ ಮೇಲೆ ವಿಂಡೋಸ್‌ನ ತಳಕ್ಕೆ, ಕರ್ನೆಲ್‌ಗೆ ಇಳಿದವು. ಅಲ್ಲಿ ಕೂತವನಿಗೆ ಕಂಪ್ಯೂಟರಿನ ಯಾವ ಮೂಲೆಯೂ ಮುಚ್ಚಿಲ್ಲ. ಕಳ್ಳನ ಬೆನ್ನಿಗೇ ಕಾವಲುಗಾರನೂ ಇಳಿದ. 2020ರಲ್ಲಿ ವ್ಯಾಲೊರೆಂಟ್ ಆಟದೊಂದಿಗೆ ಬಂದ ವ್ಯಾನ್‌ಗಾರ್ಡ್ ಇದರಲ್ಲಿ ಹೆಸರುವಾಸಿ. ನೀವು ಆಡಿ, ಬಿಡಿ, ವಿಂಡೋಸ್ ಕಣ್ಣು ಬಿಡುವಾಗಲೇ ಅದೂ ಎದ್ದಿರುತ್ತದೆ. ಅದರಲ್ಲಿ ದೋಷ ಹುಡುಕಿಕೊಟ್ಟವರಿಗೆ 1 ಲಕ್ಷ ಡಾಲರ್‌ವರೆಗೆ ಬಹುಮಾನವೆಂದು ಕಂಪನಿ ಅದೇ ವರ್ಷ ಸಾರಿತು.

ಕಾವಲು ಬೇಡವೆನ್ನಲು ನಮ್ಮ ದೇಶದವರಿಗೆ ಮೊದಲೇ ಬಾಯಿಲ್ಲ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಕೌಂಟರ್-ಸ್ಟ್ರೈಕ್ ಪಂದ್ಯ ನಡೆದಿತ್ತು. ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ಪಂದ್ಯದ ನಡುವೆಯೇ ಸಿಕ್ಕಿಬಿದ್ದ. ಗುರಿ ಹಿಡಿದುಕೊಡುವ ಕಳ್ಳ ತಂತ್ರಾಂಶಕ್ಕೆ ಅವನಿಟ್ಟ ಹೆಸರು “ವರ್ಡ್ ಡಾಟ್ ಇಎಕ್ಸ್‌ಇ”. ಗುಂಡು ಹಾರಿಸುತ್ತಿರುವವನ ಕಂಪ್ಯೂಟರಿನಲ್ಲಿ ಅರ್ಜಿ ಟೈಪು ಮಾಡುವ ತಂತ್ರಾಂಶಕ್ಕೇನು ಕೆಲಸವೆಂದು ಯಾರಿಗಾದರೂ ಅನಿಸಲೇಬೇಕು! ನಿರ್ಣಾಯಕರು ನೋಡಲು ಬಂದಾಗ ಅದನ್ನು ಅಳಿಸಲು ಹೊರಟನಂತೆ. ತಂಡವನ್ನೇ ಬರಖಾಸ್ತು ಮಾಡಿದರು. ಚೀಲದ ತಳಕ್ಕೆ ಕೈ ಹಾಕುವಾಗ ಚೀಲವನ್ನೇ ಎಳೆದುಕೊಂಡು ಓಡುವ ಧೈರ್ಯ ಬ್ಯಾಡಗಿಯಲ್ಲಿ ನಾನು ಯಾರಲ್ಲೂ ಕಂಡಿಲ್ಲ.

ಆದರೆ ಕಾವಲುಗಾರನ ಜೇಬನ್ನು ನೋಡುವವರು ಯಾರು? 2013ರಲ್ಲಿ ಅಮೆರಿಕದ ಇಎಸ್‌ಇಎ ಎಂಬ ಆಟದ ಕೂಟದ ಇಂಥದೇ ಸಾಫ್ಟ್‌ವೇರಿನೊಳಗೆ ಬಿಟ್‌ಕಾಯಿನ್ ಅಗೆಯುವ ಕೋಡ್ ಸಿಕ್ಕಿತು. ಸುಮಾರು 14,000 ಕಂಪ್ಯೂಟರುಗಳು ಮಾಲೀಕರಿಗೆ ಗೊತ್ತಿಲ್ಲದೆ ದುಡಿದಿದ್ದವು. ಕರೆಂಟ್ ಬಿಲ್ ಆಟಗಾರರ ಅಪ್ಪಂದಿರದು. ವಿಷಯ ನ್ಯೂಜೆರ್ಸಿಯ ಸರ್ಕಾರದವರೆಗೆ ಹೋಗಿ ದಂಡದಲ್ಲಿ ಮುಗಿಯಿತು. 2022ರ ಕತೆ ಇನ್ನೂ ಸೊಗಸು: ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಕಾವಲು ಡ್ರೈವರನ್ನು ಸುಲಿಗೆಕೋರರು ಎತ್ತಿಕೊಂಡು ಹೋಗಿ, ಆ ಆಟದ ಹೆಸರೇ ಕೇಳದವರ ಕಂಪ್ಯೂಟರಿಗೆ ಹಾಕಿ, ಅದರ ಕೈಯಿಂದಲೇ ಆಂಟಿವೈರಸ್ಸನ್ನು ಮಲಗಿಸಿದರು. ಡ್ರೈವರಿಗೆ ಅಸಲಿ ಸಹಿ ಇದ್ದದ್ದರಿಂದ ವಿಂಡೋಸ್ ಬಾಗಿಲು ತೆರೆದು ಒಳಗೆ ಕರೆದುಕೊಂಡಿತು.

ನನ್ನ ತಕರಾರು ತಪಾಸಣೆಯ ಮೇಲಲ್ಲ, ತಪಾಸಣೆಯ ಜಾಗದ ಮೇಲೆ. ಖರೀದಿದಾರ ಚೀಲಕ್ಕೆ ಕೈ ಹಾಕುವುದು ಪ್ರಾಂಗಣದಲ್ಲಿ. ರೈತನ ಮನೆಗೆ ಹೋಗಿ, ಅವನಿಗಿಂತ ಮೊದಲೆದ್ದು ಅಡುಗೆಮನೆಯ ಡಬ್ಬಿ ತೆರೆಯುವುದಿಲ್ಲ. ಆಟಕ್ಕೂ ಪ್ರಾಂಗಣವಿದೆ, ಅದು ಕಂಪನಿಯ ಸರ್ವರ್. ಗೋಡೆಯಾಚೆ ಯಾರಿದ್ದಾರೆಂಬ ಸುದ್ದಿಯನ್ನೇ ಆಟಗಾರನ ಕಂಪ್ಯೂಟರಿಗೆ ಕಳಿಸದಿದ್ದರೆ ಕಳ್ಳ ತಂತ್ರಾಂಶ ತೋರಿಸುವುದಾದರೂ ಏನನ್ನು? ಇದು ನನ್ನ ತಲೆಯ ಹುಳುವಲ್ಲ. ವ್ಯಾಲೊರೆಂಟ್‌ನವರೇ ಆ ಉಪಾಯವನ್ನೂ ಮಾಡಿದ್ದಾರೆ. ಗುರಿ ತಾನೇ ಹಿಡಿಯುವ ಕಳ್ಳತನಕ್ಕೆ ಅದು ಮದ್ದಲ್ಲವೆಂದು ಅಳಿಯ ವಾದಿಸಿದ, ಅದೂ ಸರಿಯೇ. ಹಾಗೆಂದು ದಲಾಲಿ ಅಂಗಡಿಯ ಉದ್ರಿ ಲೆಕ್ಕ ಇರುವ ಕಂಪ್ಯೂಟರಿನ ತಳದಲ್ಲಿ ಮುಖ ಕಾಣದವನೊಬ್ಬ ಬಿಡಾರ ಹೂಡಬೇಕೇ? ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ನಾನು ಹೆಂಡತಿಗೂ ಹೇಳಿಲ್ಲ.

ರಜೆ ಮುಗಿದು ಹುಡುಗ ಹೋದ ಮೇಲೆ ಆಟವನ್ನು ಅಳಿಸಿದೆ. ಮರುದಿನ ಕಂಪ್ಯೂಟರ್ ಹಚ್ಚಿದರೆ ಮೂಲೆಯಲ್ಲಿ ಕಾವಲುಗಾರನ ಗುರುತು ಹಾಗೇ ಇದೆ. ಫೋನ್ ಹಚ್ಚಿದೆ.

“ಅದನ್ನ ಬ್ಯಾರೆ ತಗೀಬೇಕ್ರಿ ಮಾಮಾ.”

“ಆಟಾನ ಇಲ್ಲಂದ್ರ ಅದಕ್ಕಿನ್ನೇನ್ ಕೆಲಸಲೇ?”

“ಇರಲಿ ಬಿಡ್ರಿ, ದೀಪಾವಳಿಗೆ ನಾ ಮತ್ತ ಬರ್ತೀನಲ್ರಿ.”