ಟವರ್ ಬೇಡ, ನೆಟ್‌ವರ್ಕ್ ಬೇಕು

ನಮ್ಮ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳದ್ದು ಎರಡೇ ಬೇಡಿಕೆ. ಟವರ್ ತೆಗೆಸಿ, ಮನೆಯೊಳಗೆ ನೆಟ್‌ವರ್ಕ್ ಬರುವ ಹಾಗೆ ಮಾಡಿ. ಎರಡೂ ಮನವಿಗೆ ಸಹಿ ಹಾಕುವವರು ಅವರೇ. ಪೆನ್ನೂ ಅದೇ.

2012ರ ಸೆಪ್ಟೆಂಬರ್ 1ರಂದೇ ಸರ್ಕಾರ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 2017ರಲ್ಲಿ ದೂರಸಂಪರ್ಕ ಇಲಾಖೆ ‘ತರಂಗ್ ಸಂಚಾರ್’ ಜಾಲತಾಣ ತೆರೆದು, 4,000 ರೂಪಾಯಿ ಕಟ್ಟಿದರೆ ಅಳತೆ ಮಾಡಿಕೊಡುತ್ತೇವೆ ಎಂದಿತು. ಅದಕ್ಕಿಂತ ಫ್ಲೆಕ್ಸ್ ಅಗ್ಗ. ಅದರಲ್ಲಿ ಅಧ್ಯಕ್ಷರ ಫೋಟೊ ಬೇರೆ ಬರುತ್ತದೆ.

ಇನ್ನು ಕಿವಿಗೆ ಅಂಟಿದ ಫೋನ್. ಅದರಿಂದ ದೇಹ ಹೀರುವ ಶಕ್ತಿಗೂ ಮಿತಿಯಿದೆ: ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕೆ.ಜಿ.ಗೆ 1.6 ವ್ಯಾಟ್. ಪರೀಕ್ಷೆಗೆ ಕೂರುವುದು ಅಮೆರಿಕದ ಸೈನಿಕರ ಅಳತೆಯ ಕೃತಕ ತಲೆ; ಒಳಗೆ ಮಿದುಳಿಲ್ಲ, ಬರೀ ದ್ರವ. (ಸಂಘದ ಸಭೆಗೆ ಹೋಗಿ ಬಂದವರಿಗೆ ಇದು ಹೊಸದೇನಲ್ಲ.) ಫೋನನ್ನು ಪೂರ್ತಿ ಶಕ್ತಿಯಲ್ಲಿ ಓಡಿಸಿ ಅಳೆಯುತ್ತಾರೆ. ಟವರ್ ಹತ್ತಿರವಿದ್ದರೆ ಅದಕ್ಕೆ ಅಷ್ಟು ಶಕ್ತಿ ಬೇಕಾಗುವುದಿಲ್ಲ. ಟವರನ್ನು ಊರಾಚೆ ಅಟ್ಟಿದಿರೋ, ಆಚೆ ಗದ್ದೆಯಲ್ಲಿರುವವನನ್ನು ಕೂಗಿ ಕರೆದ ಹಾಗೆ ಫೋನ್ ದನಿ ಎತ್ತುತ್ತದೆ, ಅದೂ ನಿಮ್ಮ ಕಿವಿಯ ಬುಡದಲ್ಲೇ. ಧರಣಿ ಗೆದ್ದ ಸಂಭ್ರಮವನ್ನು ಹೆಂಡತಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸಿಗ್ನಲ್ ಬೇಕೆ?

ಪರಿಹಾರಗಳಿಗೂ ಬರವಿಲ್ಲ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಮೊಬೈಲಿನ ವಿಕಿರಣ ತಗ್ಗಿಸುವ ಸಗಣಿ ಚಿಪ್ ಬಿಡುಗಡೆ ಮಾಡಿದರು. ಪುರಾವೆ ಎಲ್ಲಿ ಎಂದು ವಿಜ್ಞಾನಿಗಳು ಕೇಳಿದರು. ಪುರಾವೆ ಕೇಳುವುದು ಅವರಿಗೆ ಚಟ. ಚಿಪ್ ಏನನ್ನೂ ತಡೆಯದಿದ್ದರೆ ದುಡ್ಡು ದಂಡ. ನಿಜವಾಗಿ ತಡೆದರೆ ಸಿಗ್ನಲ್ ಕುಗ್ಗಿ ಫೋನ್ ಇನ್ನೂ ಜೋರಾಗುತ್ತದೆ. ಸಗಣಿಗೆ ಎರಡೂ ಕಡೆ ಸೋಲು.

ಕ್ಯಾನ್ಸರ್ ಎನ್ನುತ್ತೀರಾ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ಈ ತರಂಗಗಳನ್ನು ‘ಇರಬಹುದೇನೋ’ ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಬೆಳಿಗ್ಗೆ ಅದರ ರಸ ಕುಡಿದೇ ಧರಣಿಗೆ ಬರುವವರನ್ನು ನಾನು ಬಲ್ಲೆ.

ಭಯವಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ, ಒಂದೇ ಕಡ್ಡಿ ಸಿಗ್ನಲ್ ಇರುವಾಗ ಊರ ಸುದ್ದಿ ಮಾತಾಡಬೇಡಿ. ಮುಂದಿನ ಮನವಿಗೆ ಸಹಿ ಹಾಕುವ ಮುನ್ನ ಫೋನಿನಲ್ಲಿ *#07# ಒತ್ತಿ ನೋಡಿ, ಸ್ವಾಮಿ. ಬಹಳಷ್ಟು ಫೋನುಗಳು ತಮ್ಮ ವಿಕಿರಣದ ಅಂಕಿಯನ್ನು ಅಲ್ಲೇ ಹೇಳುತ್ತವೆ, ಬಿಟ್ಟಿಯಾಗಿ.