ಸತ್ತವರನ್ನು ಅನುಮಾನಿಸಬೇಡಿ: ರೆಸಾರ್ಟ್, ಹೋಮ್‌ಸ್ಟೇ ಮಾಲೀಕರಿಗೊಂದು ಬಹಿರಂಗ ಪತ್ರ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಉಳ್ಳಾಲ, ಗೋಕರ್ಣದ ಕಡೆ ರೆಸಾರ್ಟ್, ಹೋಮ್‌ಸ್ಟೇ ನಡೆಸುತ್ತಿರುವ ಎಲ್ಲ ಮಾಲೀಕರಿಗೆ, ಬೆಂಗಳೂರಿನ ನಾಯಂಡಹಳ್ಳಿಯಿಂದ ಒಂದು ಪತ್ರ.

ನಿಮ್ಮ ವಾರಾಂತ್ಯದ ವ್ಯಾಪಾರ ಶುರುವಾಗುವುದು ನಮ್ಮ ಸಿಗ್ನಲ್ಲಿನಲ್ಲಿ. ಶುಕ್ರವಾರ ರಾತ್ರಿ ಒಂಬತ್ತು ದಾಟಿದ ಮೇಲೆ ರಿಂಗ್ ರಸ್ತೆ ಮೈಸೂರು ರಸ್ತೆಗೆ ಸೇರುವ ಈ ಜಾಗಕ್ಕೆ ಬಂದು ನಿಂತರೆ ನಿಮ್ಮ ಅತಿಥಿಗಳನ್ನೆಲ್ಲ ಒಟ್ಟಿಗೇ ನೋಡಬಹುದು. ಬ್ಯಾಗು ಹೊತ್ತು ಮೆಟ್ರೊ ಮೆಟ್ಟಿಲಿಳಿದು ಬರುವ ಕಾಲೇಜು ಹುಡುಗ ಹುಡುಗಿಯರು, ಕಂಪನಿಯವರೆಲ್ಲ ಸೇರಿ ಹಿಡಿದ ಟೆಂಪೊ ಟ್ರಾವೆಲರುಗಳು, ಮಡಿಲಲ್ಲಿ ಮಗು ಮಲಗಿಸಿಕೊಂಡು ಬಸ್ಸಿಗೆ ಕಾಯುವ ಸಂಸಾರಗಳು. ಬಿಡಲು ಬಂದ ಅಪ್ಪ ಅಮ್ಮ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: ತಲುಪಿದ ತಕ್ಷಣ ಫೋನ್ ಮಾಡು. ಅವರಿಗೆ ಭಯ ಇರುವುದೆಲ್ಲ ರಸ್ತೆಯದು. ಬಸ್ಸು ತಲುಪಿತು, ರೂಮು ಸಿಕ್ಕಿತು ಎಂದು ತಿಳಿದರೆ ನಿಶ್ಚಿಂತೆಯಾಗಿ ಮಲಗುತ್ತಾರೆ. ಆ ನಿಶ್ಚಿಂತೆಗೆ ಈಗ ಜವಾಬ್ದಾರರು ನೀವು. ಆದ್ದರಿಂದಲೇ ಈ ಪತ್ರ ನಿಮಗೆ.

2024ರ ನವೆಂಬರ್ 17, ಭಾನುವಾರ. ಮಂಗಳೂರಿನ ಪಕ್ಕ, ಸೋಮೇಶ್ವರದ ಉಚ್ಚಿಲದಲ್ಲಿ ಕಡಲಿಗೆ ಅಂಟಿಕೊಂಡಂತಿರುವ ಒಂದು ರೆಸಾರ್ಟ್. ಮೈಸೂರಿನಿಂದ ಹಿಂದಿನ ದಿನವಷ್ಟೇ ಬಂದಿಳಿದಿದ್ದ ಮೂವರು ವಿದ್ಯಾರ್ಥಿನಿಯರು ಬೆಳಿಗ್ಗೆ ಈಜುಕೊಳಕ್ಕೆ ಇಳಿದರು. ಮೂವರಿಗೂ ಈಜು ಬರುತ್ತಿರಲಿಲ್ಲ. ಕೊಳದ ಒಂದು ತುದಿ ಆರಡಿ ಆಳ. ಒಬ್ಬಳು ಆಳದ ಕಡೆ ಜಾರಿದಳು, ಎಳೆದುಕೊಳ್ಳಲು ಹೋದ ಎರಡನೆಯವಳು ಮುಳುಗಿದಳು, ಅವರಿಬ್ಬರನ್ನೂ ಉಳಿಸಲು ಕೈ ಚಾಚಿದ ಮೂರನೆಯವಳೂ ಹೋದಳು. ಇದೆಲ್ಲ ಸಿಸಿಟಿವಿಯಲ್ಲಿ ದಾಖಲಾಯಿತು. ಕ್ಯಾಮೆರಾ ಇತ್ತು, ಮನುಷ್ಯರು ಇರಲಿಲ್ಲ. ಲೈಫ್‌ಗಾರ್ಡ್ ಇರಲಿಲ್ಲ, ಆಳ ಎಷ್ಟೆಂದು ಬರೆದಿರಲಿಲ್ಲ. ಆಮೇಲೆ ಮಾಲೀಕರನ್ನೂ ಮ್ಯಾನೇಜರನ್ನೂ ಪೊಲೀಸರು ಬಂಧಿಸಿದರು, ಪರವಾನಗಿ ಅಮಾನತಾಯಿತು, ಬಾಗಿಲಿಗೆ ಬೀಗ ಬಿತ್ತು.

ಐದಡಿ ಚಿಲ್ಲರೆ ಎತ್ತರದವರು ಆರಡಿ ನೀರಿನಲ್ಲಿ ನಿಂತರೆ, ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಮೂಗು ನೀರಿನೊಳಗಿರುತ್ತದೆ. ಮುಳುಗುವವರಿಗೆ ಹೆಚ್ಚಿನ ಸಲ ಕೂಗಲಾಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಎಲ್ಲಿಂದ ಬರಬೇಕು? ಹಾಗಾಗಿ ‘ಕಿರುಚಿದ್ದರೆ ಓಡಿ ಬರುತ್ತಿದ್ದೆವು’ ಎನ್ನುವ ಸಮಾಧಾನಕ್ಕೆ ಅರ್ಥವಿಲ್ಲ. ದಡದಲ್ಲಿ ಕಣ್ಣಿಟ್ಟು ಕೂತ ಒಬ್ಬ ಈಜುಗಾರ, ಕೈಗೆ ಸಿಗುವ ಹಾಗೆ ಒಂದು ಉದ್ದನೆಯ ಬಿದಿರಿನ ಗಳ, ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಆಳದ ಗುರುತು, ಆಳ ಶುರುವಾಗುವಲ್ಲಿ ಅಡ್ಡ ಕಟ್ಟಿದ ಒಂದು ಹಗ್ಗ. ಆ ಬೆಳಿಗ್ಗೆ ಬೇಕಾಗಿದ್ದದ್ದು ಇಷ್ಟೇ.

ಉಚ್ಚಿಲದಲ್ಲಿ ಕ್ಯಾಮೆರಾ ಇದ್ದುದರಿಂದ ಆ ಹೆಣ್ಣುಮಕ್ಕಳ ಸಾವಿನ ಕಾರಣ ಅದೇ ದಿನ ಗೊತ್ತಾಯಿತು. ಸ್ನಾನದ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇರುವುದಿಲ್ಲ, ಇರಲೂಬಾರದು. ಅಲ್ಲಿ ಅತಿಥಿಯೊಬ್ಬರು ಸತ್ತರೆ ಏನಾಗುತ್ತದೆ ಎಂಬುದೇ ನಾನು ನಿಮ್ಮೊಡನೆ ಆಡಬೇಕೆಂದಿರುವ ಮುಖ್ಯ ಮಾತು. ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು ಒಡೆಯುತ್ತಾರೆ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಬಾಗಿಲು ಒಡೆದ ಗಳಿಗೆಯಿಂದಲೇ ಊರಿನ ಬಾಯಿ ಶುರುವಾಗಿರುತ್ತದೆ. ಕುಡಿದಿದ್ದರಂತೆ. ಏನೋ ಮಾತ್ರೆ ನುಂಗಿದ್ದರಂತೆ. ಗಂಡ ಹೆಂಡತಿಗೆ ಜಗಳ ಆಗಿತ್ತಂತೆ. ಮದುವೆಯಾಗದ ಜೋಡಿಯಾದರಂತೂ ಕೇಳುವುದೇ ಬೇಡ. ಅನುಮಾನವೆಲ್ಲ ಸತ್ತವರ ಮೇಲೆ, ಸತ್ತವರ ಜೊತೆ ಇದ್ದವರ ಮೇಲೆ. ಗೋಡೆಗೆ ನೇತುಹಾಕಿದ ಗ್ಯಾಸ್ ಗೀಸರನ್ನು ಯಾರೂ ಅನುಮಾನಿಸುವುದಿಲ್ಲ.

ಮಲೆನಾಡಿನ ಚಳಿಗೆ ಬಿಸಿನೀರು ಬೇಕೇ ಬೇಕು, ಕರೆಂಟು ನಂಬುವಂತಿಲ್ಲ, ಹಾಗಾಗಿ ನೀವು ಗ್ಯಾಸ್ ಗೀಸರ್ ಹಾಕಿಸುತ್ತೀರಿ. ಈ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಹಾಕಿಸುವ ಜಾಗ ನೋಡಿ: ನಾಲ್ಕಡಿಗೆ ಆರಡಿಯ ಸ್ನಾನದ ಮನೆಯ ಒಳಗೆ, ಬಕೆಟ್ಟಿನ ನೆತ್ತಿಯ ಮೇಲೆ. ಇರುವ ಒಂದು ಗವಾಕ್ಷಿಗೂ ಗಾಳಿ ಬರದಿರಲೆಂದು ಹಳೆಯ ಪೇಪರು ತುರುಕಿರುತ್ತಾರೆ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ, ಮೇಲೆ ಮಸಿ ಕಟ್ಟುತ್ತದೆ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುವ ವಾಸನೆ, ಜನರಿಗೆ ಗೊತ್ತಾಗಲೆಂದೇ ಕಂಪನಿಯವರು ಬೆರೆಸಿದ್ದು. ಉರಿದು ಹುಟ್ಟುವ ಈ ವಿಷಕ್ಕೆ ಹಾಗೆ ಬೆರೆಸುವವರು ಯಾರೂ ಇಲ್ಲ. ‘ಗ್ಯಾಸ್ ವಾಸನೆಯೇ ಬರಲಿಲ್ಲ ಸಾರ್’ ಎಂದು ಹೇಳುವ ನಿಮ್ಮ ಕೆಲಸದ ಹುಡುಗ ಸುಳ್ಳು ಹೇಳುತ್ತಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗಿಂತಲೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಏನೋ ಆಗುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಕೈಕಾಲಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಎರಡು ಹೆಜ್ಜೆ ಆಚೆ ಇರುವ ಚಿಲಕ ಕೈಗೆ ಎಟುಕುವುದಿಲ್ಲ.

ಹೊರಗಿನವರಿಗೆ ಕಾಣುವುದು ಮಾತ್ರ ಬಚ್ಚಲಲ್ಲಿ ಕುಸಿದು ಬಿದ್ದ ಮೈ. ಕಾಲು ಜಾರಿತು, ಬಿಪಿ ಇಳಿಯಿತು, ಹಾರ್ಟ್ ಅಟ್ಯಾಕ್ ಎಂದು ಮಾತು ಸಾಗುತ್ತದೆ. ಈ ವಿಷ ಸೇರಿದ ಚರ್ಮ ಕೆಂಪಗೆ ಕಾಣುತ್ತದೆಂದು ವೈದ್ಯಶಾಸ್ತ್ರದ ಪುಸ್ತಕಗಳಲ್ಲಿದೆ, ಆದರೆ ನಮ್ಮವರ ಮೈಬಣ್ಣದಲ್ಲಿ ಅದು ಕಣ್ಣು ತಪ್ಪಿ ಹೋಗಬಹುದು. ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿದರೆ ಉತ್ತರ ಸಿಗುತ್ತದೆ. ಆ ಪರೀಕ್ಷೆ ಬೇಕೆಂದು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೆ ತೋಚಬೇಕಾದರೆ, ಆ ಕೋಣೆಯಲ್ಲಿ ಉರಿಯುವ ವಸ್ತುವೊಂದು ಇತ್ತು ಎಂದು ಯಾರಾದರೂ ಬಾಯಿಬಿಟ್ಟು ಹೇಳಿರಬೇಕು. ಅದನ್ನು ಹೇಳಬಲ್ಲವರು ನೀವೇ. ಗೀಸರ್ ಬಿಚ್ಚಬೇಡಿ, ಸಿಲಿಂಡರ್ ಎತ್ತಿಡಬೇಡಿ, ಗವಾಕ್ಷಿಯ ಪೇಪರನ್ನೂ ತೆಗೆಯಬೇಡಿ. ಹಾಗೆಯೇ ಪೊಲೀಸರಿಗೆ ತೋರಿಸಿ.

ಇದು ನಮ್ಮ ಘಟ್ಟದ ಕಥೆ ಮಾತ್ರವಲ್ಲ. 2025ರ ಫೆಬ್ರವರಿಯಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಸ್ಯಾನ್ ಪೆಡ್ರೊ ಎಂಬ ಕಡಲೂರಿನ ರೆಸಾರ್ಟಿನಲ್ಲಿ ಅಮೆರಿಕದ ಮೂವರು ಯುವತಿಯರು ಒಂದೇ ಕೋಣೆಯಲ್ಲಿ ಸತ್ತು ಸಿಕ್ಕರು. ಕೋಣೆಯಲ್ಲಿ ಮದ್ಯ ಇತ್ತು, ಮತ್ತಿನ ಮಿಠಾಯಿ ಇತ್ತು ಎಂದು ಪೊಲೀಸರು ಮೊದಲು ಮಾದಕವಸ್ತುವಿನ ಕಡೆ ಬೆರಳು ತೋರಿಸಿದರು. ಮಕ್ಕಳನ್ನು ಕಳೆದುಕೊಂಡ ಮನೆಗಳು ಆ ಅಪವಾದವನ್ನೂ ಹೊರಬೇಕಾಯಿತು. ವಾರಗಳಾದ ಮೇಲೆ ಪ್ರಯೋಗಾಲಯದ ವರದಿ ಬಂತು: ಕಾರ್ಬನ್ ಮೊನಾಕ್ಸೈಡ್. ನೀರು ಕಾಯಿಸುವ ಗ್ಯಾಸ್ ಯಂತ್ರವೇ ಮೂಲ ಎಂದಾಯಿತು. 2022ರ ಮೇನಲ್ಲಿ ಬಹಾಮಾಸ್ ದ್ವೀಪದ ದುಬಾರಿ ರೆಸಾರ್ಟೊಂದರಲ್ಲಿ ಮೂವರು ಸತ್ತದ್ದೂ ಇದೇ ವಿಷಕ್ಕೆ. ನೇಪಾಳದ ದಾಮನ್‌ನಲ್ಲಿ 2020ರ ಜನವರಿಯ ಚಳಿಗೆ ಗ್ಯಾಸ್ ಹೀಟರ್ ಹಚ್ಚಿ ಒಂದೇ ಕೋಣೆಯಲ್ಲಿ ಮಲಗಿದ ಕೇರಳದ ಎಂಟು ಮಂದಿ ಬೆಳಿಗ್ಗೆ ಏಳಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು.

ರೆಸಾರ್ಟಿನ ಮೇಲೆ ಅನುಮಾನ ಪಡುವವರ ಮಾತೇ ಯಾವಾಗಲೂ ಸರಿ ಎಂದು ನಾನು ಹೇಳುತ್ತಿಲ್ಲ. 2019ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ರೆಸಾರ್ಟುಗಳಲ್ಲಿ ಅಮೆರಿಕದ ಪ್ರವಾಸಿಗರು ಒಬ್ಬರ ಹಿಂದೊಬ್ಬರಂತೆ ಸತ್ತಾಗ, ಕೋಣೆಯ ಫ್ರಿಜ್ಜಿನ ಮದ್ಯದಲ್ಲಿ ವಿಷವಿದೆ ಎಂದು ಇಡೀ ಅಮೆರಿಕ ಮಾತಾಡಿತು. ಎಫ್‌ಬಿಐ ಪರೀಕ್ಷೆ ಮಾಡಿತು. ಅದು ಪರೀಕ್ಷಿಸಿದ ಸಾವುಗಳು ಸಹಜವೆಂಬ ಅಲ್ಲಿನ ವೈದ್ಯರ ಮಾತಿಗೇ ಅದರ ವರದಿಯೂ ಹೊಂದಿತು. ಅಷ್ಟರಲ್ಲಿ ಆ ದೇಶದ ಪ್ರವಾಸೋದ್ಯಮಕ್ಕೆ ಹೊಡೆತ ಬಿದ್ದಾಗಿತ್ತು. ಬೇಗ ಆಗುವ, ಎಲ್ಲರಿಗೂ ತಿಳಿಸುವ ಪರೀಕ್ಷೆ ತಪ್ಪಿಲ್ಲದ ಮಾಲೀಕರನ್ನೂ ಕಾಯುತ್ತದೆ. ಮದ್ಯದ ಮೇಲಿನ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. 2024ರ ನವೆಂಬರ್‌ನಲ್ಲಿ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಆರು ಪ್ರವಾಸಿಗರನ್ನು ಕೊಂದಿತು. ಅದೇ ಮೆಥನಾಲ್ 1981ರಲ್ಲಿ ನಮ್ಮ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರ ಜೀವ ತೆಗೆದಿತ್ತು. ಪಾರ್ಟಿಗೆಂದು ಯಾರೋ ತಂದುಕೊಡುವ ಲೇಬಲ್ಲಿಲ್ಲದ ಬಾಟಲಿಯನ್ನು ಅಂಗಳದೊಳಗೆ ಬಿಟ್ಟುಕೊಳ್ಳಬೇಡಿ.

ಪೊಲೀಸರಿಗೂ ಈ ಪತ್ರದಲ್ಲಿ ಒಂದು ಮಾತಿದೆ: ಮೊದಲ ನೋಟಕ್ಕೇ ಕಡತ ಮುಚ್ಚಬೇಡಿ. 2008ರ ಫೆಬ್ರವರಿಯಲ್ಲಿ ಗೋವಾದ ಅಂಜುನಾ ತೀರದಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ಶವ ಸಿಕ್ಕಿತು. ಅವಳ ಮನೆಯವರು ಆಗ ನಮ್ಮ ಗೋಕರ್ಣಕ್ಕೆ ಬಂದಿದ್ದರು. ನೀರಿನಲ್ಲಿ ಮುಳುಗಿ ಸತ್ತಳು ಎಂದು ಪೊಲೀಸರು ಕೈತೊಳೆದುಕೊಳ್ಳಲು ಹೊರಟಿದ್ದರು. ತಾಯಿ ಪಟ್ಟು ಹಿಡಿದು ಎರಡನೇ ಮರಣೋತ್ತರ ಪರೀಕ್ಷೆ ಮಾಡಿಸಿದಾಗ ಮೈಮೇಲಿನ ಗಾಯಗಳು ಬೆಳಕಿಗೆ ಬಂದವು. ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನಿಗೆ ಶಿಕ್ಷೆ ಕೊಟ್ಟದ್ದು 2019ರಲ್ಲಿ. ಆ ತಾಯಿ ಪರದೇಶದಲ್ಲಿ ಅಷ್ಟು ವರ್ಷ ಓಡಾಡಿದರು. ನಾಯಂಡಹಳ್ಳಿಯ ಗಾರ್ಮೆಂಟ್ಸ್ ಕೆಲಸದ ತಾಯಿಯೊಬ್ಬಳು ರಜೆ ಹಾಕಿ ಮಡಿಕೇರಿ ಠಾಣೆಗೂ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೂ ಎಷ್ಟು ಸಲ ಅಲೆದಾಳು?

ಮಾಲೀಕರೇ, ಕಾನೂನು ನಿಮಗೆ ಗೊತ್ತಿಲ್ಲದ್ದಲ್ಲ. ನಿರ್ಲಕ್ಷ್ಯದಿಂದ ಆದ ಸಾವಿಗೆ ಹಳೆಯ ಐಪಿಸಿಯಲ್ಲಿ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿದೆ. ಆದರೆ ಜೈಲಿನ ಹೆದರಿಕೆಯಿಂದ ನೀವು ಬದಲಾಗಬೇಕೆಂದು ನಾನು ಬಯಸುವುದಿಲ್ಲ. ನಿಮ್ಮಲ್ಲಿ ಬಹಳ ಮಂದಿ ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ತೋಟ ಉಳಿಸಿಕೊಳ್ಳಲು ಮನೆಯ ಎರಡು ಕೋಣೆ ಖಾಲಿ ಮಾಡಿ ಅತಿಥಿಗಳಿಗೆ ಕೊಟ್ಟವರು. ಬಂದವರಿಗೆ ಕಡುಬು, ಅಕ್ಕಿರೊಟ್ಟಿ ಮಾಡಿ ಬಡಿಸುವವರು. ಅತಿಥಿಯನ್ನು ಮನೆಯವರಂತೆ ನೋಡಿಕೊಳ್ಳುತ್ತೇವೆ ಎಂಬ ನಿಮ್ಮ ಮಾತನ್ನು ನಂಬಿಯೇ ನಮ್ಮವರು ಬಸ್ಸು ಹತ್ತುತ್ತಾರೆ. ಹಾಗಾದರೆ ಗ್ಯಾಸ್ ಗೀಸರನ್ನು ಸ್ನಾನದ ಮನೆಯಿಂದ ಹೊರಗಿನ ಗೋಡೆಗೆ ಸಾಗಿಸಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಆಗದಿದ್ದರೆ ಸೋಲಾರ್ ಹಾಕಿಸಿ, ಹಂಡೆ ಒಲೆಯಾದರೂ ಸರಿ, ಅದು ಹೊರಗಿರಲಿ. ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚಿ ಕೂಗುವ ಅಲಾರಂ ವಾರಾಂತ್ಯದ ಒಂದು ಕೋಣೆಯ ಬಾಡಿಗೆಯಷ್ಟಕ್ಕೆ ಸಿಗುತ್ತದೆ. ಹೊಗೆಯ ಅಲಾರಂ ಇದಕ್ಕೆ ಉಪಯೋಗವಿಲ್ಲ, ಕೇಳಿ ತೆಗೆದುಕೊಳ್ಳಿ. ಕೋಣೆಯ ಬೀಗದಕೈ ಕೊಡುವಾಗ ವೈಫೈ ಪಾಸ್‌ವರ್ಡ್ ಜೊತೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಎಷ್ಟು ದೂರ ಎಂದೂ ಹೇಳಿ.

ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಅವರಲ್ಲಿ ಕೇಳುವುದು ಸ್ವಲ್ಪ. ಉಚ್ಚಿಲದಲ್ಲಿ ಮೂವರು ಸತ್ತ ಮೇಲೆ ಪರವಾನಗಿ ಅಮಾನತು ಮಾಡಿದ ಕೈಗಳೇ, ಸಾಯುವ ಮೊದಲು ಆ ಕೊಳದ ಆಳ ಅಳೆದಿದ್ದರೆ ಸಾಕಿತ್ತು. ನೋಂದಣಿ ನವೀಕರಿಸುವಾಗ ಕೋಣೆಯ ಹಾಸಿಗೆ, ಪರದೆ ನೋಡುವುದರ ಜೊತೆಗೆ ಗೀಸರ್ ಹಚ್ಚಿಸಿ ಜ್ವಾಲೆಯ ಬಣ್ಣ ನೋಡಿ. ನೋಂದಣಿಯೇ ಇಲ್ಲದೆ ಆ್ಯಪಿನಲ್ಲಿ ಬುಕಿಂಗ್ ತೆಗೆದುಕೊಳ್ಳುವ ಕೋಣೆಗಳ ಪಟ್ಟಿಯನ್ನು ಆ ಆ್ಯಪಿನವರಿಂದಲೇ ತರಿಸಿಕೊಳ್ಳಿ.

ಕೊನೆಗೆ ಇನ್ನೊಂದು ಕೋರಿಕೆ, ಮತ್ತೆ ಮಾಲೀಕರಿಗೇ. ನಿಮ್ಮಲ್ಲಿ ಯಾರ ಕೋಣೆಯಲ್ಲಾದರೂ ಈಗಾಗಲೇ ಸಾವು ನಡೆದಿದ್ದು, ಕಾರಣ ಇನ್ನೂ ಕಾಗದಕ್ಕೆ ಬಂದಿಲ್ಲದಿದ್ದರೆ, ಈ ವಾರವೇ ಠಾಣೆಗೆ ಹೋಗಿ ಎಫ್‌ಎಸ್‌ಎಲ್ ವರದಿ ಏನಾಯಿತೆಂದು ನೀವಾಗಿ ಕೇಳಿ. ಅಂದು ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಬರೆದುಕೊಡಿ. ರಿಜಿಸ್ಟರಿನಲ್ಲಿ ಆ ಮನೆಯವರ ಫೋನ್ ನಂಬರ್ ಇದ್ದೇ ಇರುತ್ತದೆ. ಕರೆ ಮಾಡಿ, ಆ ರಾತ್ರಿ ಕೋಣೆಯಲ್ಲಿ ಏನೇನಿತ್ತು ಎಂಬುದನ್ನು ಇದ್ದ ಹಾಗೆ ತಿಳಿಸಿ.

ಇತಿ,
ನಾಯಂಡಹಳ್ಳಿಯ ಒಬ್ಬ ನಿವಾಸಿ